ಜೀರ್ಣವನ್ನು ಕೊಟ್ಟು ಉದ್ಧಾರದ ಬೆಲೆ ಕೇಳುವುದು

ಜೀರ್ಣೋದ್ಧಾರವೆಂಬುದು ಜೈನ ಸಮಾಜಕ್ಕೆ ಚಿರಪರಿಚಿತವಾದ ಶಬ್ದ. ಶಿಥಿಲವಾದ ಬಸದಿಯನ್ನು ಮತ್ತೆ ಎತ್ತಿ ನಿಲ್ಲಿಸುವ ಕಾರ್ಯವು ಹೊಸ ಬಸದಿಯನ್ನು ಕಟ್ಟಿಸುವುದಕ್ಕಿಂತ ಕಿರಿದಲ್ಲವೆಂದು ಹಿರಿಯರು ನಂಬಿಕೊಂಡು ಬಂದಿದ್ದಾರೆ. ಆ ಪುಣ್ಯ ಯಾರಿಗೆ ಸಲ್ಲುತ್ತದೆ? ಧನವಿತ್ತವನಿಗೆ, ಕಲ್ಲು ಕಡೆದವನಿಗೆ, ನಿಂತು ಕೆಲಸ ಮಾಡಿಸಿದವನಿಗೆ. ಮಾಡು ಸೋರುತ್ತಿದ್ದಾಗ ಒಂದು ಹೆಂಚನ್ನೂ ಹೊದಿಸದೆ ಕೈಕಟ್ಟಿ ಕುಳಿತವನಿಗೆ ಅದರಲ್ಲಿ ಪಾಲುಂಟೆಂದು ಯಾರೂ ಹೇಳಲಾರರು. ಆದರೆ ಇಂದಿನ ಪೇಟೆಯಲ್ಲಿ ಇದೇ ಶಬ್ದದ ಇಂಗ್ಲಿಷ್ ರೂಪವೊಂದು ತದ್ವಿರುದ್ಧವಾದ ಅರ್ಥದಲ್ಲಿ ಚಲಾವಣೆಗೆ ಬಂದಿದೆ. ದಶಕಗಳ ಕಾಲ ಮಳೆ ಬಿಸಿಲಿಗೆ ಬಿಟ್ಟು ಕೊಳೆಯಿಸಿದ ಹಳೆಯ ಕಾರನ್ನು 'ರೆಸ್ಟೋರೇಷನ್ ಪ್ರಾಜೆಕ್ಟ್' ಎಂದು ಕರೆದು, ಉದ್ಧಾರವಾದ ಕಾರಿನ ಬೆಲೆಯ ಒಂದು ದೊಡ್ಡ ಅಂಶವನ್ನು ಉದ್ಧಾರ ಮಾಡದವನೇ ಮುಂಚಿತವಾಗಿ ಎಣಿಸಿಕೊಳ್ಳುತ್ತಾನೆ. ಇದು ವ್ಯಾಪಾರದ ಜಾಣ್ಮೆಯೋ, ಅಚೌರ್ಯಾಣುವ್ರತದ ಭಂಗವೋ ಎಂಬುದು ವಿಚಾರಣೀಯ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಸ್ಥಾಪನೆಯಾದ ತರುವಾಯ ಯಶವಂತಪುರದಿಂದ ಹೆಬ್ಬಾಳದವರೆಗೆ, ಆರ್.ಟಿ. ನಗರದಿಂದ ಯಲಹಂಕದವರೆಗೆ ನೌಕರರೂ ವರ್ತಕರೂ ಮನೆ ಕಟ್ಟಿಕೊಂಡರು. ಅವರಲ್ಲಿ ಅನುಕೂಲಸ್ಥರು ವರ್ಷಗಟ್ಟಲೆ ಸರದಿ ಕಾದು ಒಂದು ಅಂಬಾಸಿಡರ್, ಒಂದು ಫಿಯಟ್ ಅಥವಾ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕೊಂಡರು. ಮಗಳ ಮದುವೆಯ ದಿಬ್ಬಣಕ್ಕೂ ಶ್ರವಣಬೆಳಗೊಳದ ಯಾತ್ರೆಗೂ ಆ ಕಾರೇ ಹೊರಟಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲದ ನೆಲಕ್ಕೆ ಬಂದ ಬೆಲೆ ಎಲ್ಲರಿಗೂ ತಿಳಿದದ್ದೇ. ಹಳೆಯ ಮನೆಗಳು ಉರುಳಿ ಬಹುಮಹಡಿ ಕಟ್ಟಡಗಳು ಏಳುವಾಗ, ಶೆಡ್ಡಿನಲ್ಲಿ ಬಹುಕಾಲದಿಂದ ಅಲುಗಾಡದೆ ನಿಂತ ತಂದೆಯ ಕಾರು ಮಕ್ಕಳ ಕಣ್ಣಿಗೆ ಬೀಳುತ್ತದೆ. ಗುಜರಿಯವನು ಕಬ್ಬಿಣದ ತೂಕಕ್ಕೆ ಒಂದು ಬೆಲೆ ಹೇಳುತ್ತಾನೆ. ಅಷ್ಟರಲ್ಲಿ ಪರಿಚಯದ ದಲ್ಲಾಳಿಯೊಬ್ಬ ಬಂದು, ಅದನ್ನು ಗುಜರಿಯೆನ್ನಬೇಡಿ, ಪ್ರಾಜೆಕ್ಟ್ ಎನ್ನಿ, ನಾಲ್ಕು ಪಟ್ಟು ಬರುತ್ತದೆ ಎನ್ನುತ್ತಾನೆ. ಕಾರು ನಿಂತಲ್ಲೇ ನಿಂತಿದೆ. ಅದಕ್ಕೆ ಒಂದು ತಿರುಪನ್ನೂ ಹಾಕಿಲ್ಲ. ಬದಲಾದದ್ದು ಹೆಸರು ಮಾತ್ರ.

ಹೆಸರು ಹೀಗೆ ಏರುವುದಕ್ಕೆ ಒಂದು ಮೆಟ್ಟಿಲ ಕ್ರಮವೇ ಇದೆ. ಮೊದಲ ಕೈಯಲ್ಲಿ ಅದು 'ಹಳೆಯ ಕಾರು'. ಎರಡನೆಯ ಕೈಯಲ್ಲಿ 'ಕ್ಲಾಸಿಕ್'. ಮೂರನೆಯ ಕೈಯಲ್ಲಿ 'ವಿಂಟೇಜ್'. 'ವಿಂಟೇಜ್' ಎಂಬ ಮಾತಿಗೆ ಭಾರತದ ಕಾನೂನಿನಲ್ಲಿ ಈಗ ನಿಶ್ಚಿತವಾದ ಅರ್ಥವಿದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು, ವಾಹನ ಮೂಲರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಅಂಥ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯಕ್ಕಾಗಲಿ ಬಳಸುವಂತಿಲ್ಲ. ಈ ಲೆಕ್ಕದಲ್ಲಿ 1985ರಲ್ಲಿ ನೋಂದಣಿಯಾದ ಪ್ರೀಮಿಯರ್ ಪದ್ಮಿನಿ 2035ಕ್ಕೆ ಮುನ್ನ ಆ ವರ್ಗಕ್ಕೆ ಸೇರದು. ಪೆಟ್ರೋಲ್ ಎಂಜಿನ್ನನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ ಕಾರು ಮೂಲರೂಪದ್ದೆನಿಸದು. ಇದನ್ನು ತಿಳಿದೂ 'ವಿಂಟೇಜ್' ಎಂದು ಮಾರುವವನು ಹೇಳುತ್ತಿರುವುದು ಅಲಂಕಾರದ ಮಾತಲ್ಲ, ಶುದ್ಧ ಸುಳ್ಳು.

ಹೆಸರುಗಳನ್ನು ಬದಿಗಿಟ್ಟು ವಸ್ತುವನ್ನೇ ನೋಡೋಣ. ಅಂಬಾಸಿಡರ್ ಆಗಲಿ ಫಿಯಟ್ 1100 ಆಗಲಿ, ಇವುಗಳಿಗೆ ಪ್ರತ್ಯೇಕವಾದ ಚಾಸಿಸ್ ಇಲ್ಲ. ತಗಡಿನ ಕವಚವೇ ಅಸ್ಥಿಪಂಜರ. ಬಾಗಿಲ ಕೆಳಗಿನ ಟೊಳ್ಳು ಪಟ್ಟಿಗಳು, ಕಾಲಿಡುವ ತಳದ ತಗಡು, ಸ್ಪ್ರಿಂಗುಗಳನ್ನು ಬಿಗಿದ ಸ್ಥಳ ಇವುಗಳಿಗೆ ತುಕ್ಕು ಹಿಡಿದರೆ ಹಾಳಾಗುವುದು ಅಂದವಲ್ಲ, ಕಾರಿನ ಬೆನ್ನೆಲುಬೇ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಪ್ರತ್ಯೇಕ ಚಾಸಿಸ್ ಉಂಟು. ಆದರೆ ಆ ಚಾಸಿಸ್ಸಿಗೂ ತುಕ್ಕು ಹಿಡಿಯುವುದುಂಟು. ಟೊಳ್ಳು ಪಟ್ಟಿಗಳ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಒಂದು ಗುಳ್ಳೆ ಕಾಣಿಸುವಾಗ ಒಳಗೆ ಅಂಗೈಯಗಲ ತಗಡು ಇಲ್ಲವಾಗಿರಬಹುದು. ಟಿಂಕರಿಂಗ್ ಬಲ್ಲವನು ಇದನ್ನು ಅರಿಯುವುದು ಸುಲಭ: ಅಯಸ್ಕಾಂತವನ್ನು ಹಿಡಿದರೆ ತಗಡಿಗೆ ಅಂಟುತ್ತದೆ, ದಪ್ಪ ಪುಟ್ಟಿಗೆ ಅಂಟುವುದಿಲ್ಲ. ಬಲ್ಲ ಮಾರಾಟಗಾರ ಮಾಡುವುದೇನು? ರಂಧ್ರಕ್ಕೆ ಪುಟ್ಟಿ ಮೆತ್ತಿ, ಮೇಲೆ ಒಂದು ಕೋಟು ಬಣ್ಣ ಹೊಡೆಸಿ, 'ಬಾಡಿ ಗಟ್ಟಿಯಿದೆ, ಸ್ವಲ್ಪ ಕೆಲಸ ಇದೆ' ಎನ್ನುತ್ತಾನೆ. ಬಹುಕಾಲ ತಿರುಗದ ಎಂಜಿನ್ನು ಒಳಗೆ ತುಕ್ಕು ಹಿಡಿದು ಜಾಮ್ ಆಗಿರುತ್ತದೆ; ಅದಕ್ಕೆ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಆಗಬೇಕು. ಮಾರುವವನ ಬಾಯಲ್ಲಿ ಅದು 'ಬ್ಯಾಟರಿ ಹಾಕಿದರೆ ಚಾಲೂ ಆಗಬಹುದು'.

ಕಾಗದಪತ್ರಗಳ ಸ್ಥಿತಿ ಇನ್ನೂ ಸೂಕ್ಷ್ಮ. ಖಾಸಗಿ ಕಾರಿನ ನೋಂದಣಿಗೆ ಮೊದಲು 15 ವರ್ಷ, ಅನಂತರ ಐದೈದು ವರ್ಷಗಳ ನವೀಕರಣ. ಮಾಲೀಕ ತೀರಿಕೊಂಡಿದ್ದರೆ ಮೊದಲು ವಾರಸುದಾರನ ಹೆಸರಿಗೆ ವರ್ಗವಾಗಬೇಕು, ಆಮೇಲೆ ಮಾರಾಟ. ಯಶವಂತಪುರದ ಅಥವಾ ಯಲಹಂಕದ ಸಾರಿಗೆ ಕಚೇರಿಯ ಮುಂದೆ ಹಳೆಯ ಆರ್.ಸಿ. ಪುಸ್ತಕ ಹಿಡಿದು ನಿಂತವನಿಗೆ ಗೊತ್ತು: ಪುಸ್ತಕದ ಎಂಜಿನ್ ಸಂಖ್ಯೆಗೂ ಕಾರಿನ ಎಂಜಿನ್ ಸಂಖ್ಯೆಗೂ ಹೊಂದಾಣಿಕೆಯಿಲ್ಲದಿದ್ದರೆ ಕಾರು ಎಷ್ಟೇ ಹೊಳೆದರೂ ರಸ್ತೆಗಿಳಿಯದು. ಹೆಸರು ವರ್ಗಾಯಿಸದೆ ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯೂ ಇದೆ. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಅಪಘಾತದ ಹೊಣೆಯೂ ಅವನದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮಾರಿ ಕೈತೊಳೆದುಕೊಂಡೆನೆಂದು ತಿಳಿದವನ ಕೈ ತೊಳೆದಿರುವುದಿಲ್ಲ.

ಇನ್ನು ಬೆಲೆಯ ಲೆಕ್ಕ. ವಾಣಿಜ್ಯಶಾಸ್ತ್ರದ ಮೊದಲ ಪಾಠಗಳಲ್ಲೇ ಒಂದು ತತ್ತ್ವ ಬರುತ್ತದೆ: ದಾಸ್ತಾನಿನ ಸರಕನ್ನು ಅದರ ಅಸಲು, ಅದರಿಂದ ಕೈಗೆ ಬರಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಕಟ್ಟಬೇಕು. ನಿವ್ವಳ ಮೊತ್ತವೆಂದರೆ, ಮಾರಾಟದ ಅಂದಾಜು ಬೆಲೆಯಿಂದ ಸರಕನ್ನು ಪೂರ್ಣಗೊಳಿಸುವ ವೆಚ್ಚವನ್ನೂ ಮಾರುವ ವೆಚ್ಚವನ್ನೂ ಕಳೆದು ಉಳಿಯುವುದು. ಎರಡನೆಯ ಸಂಖ್ಯೆಯ ಲೆಕ್ಕಪತ್ರ ಮಾನಕ ಹೇಳುವುದೂ ಇದನ್ನೇ. ಬಾರದ ಲಾಭವನ್ನು ಬಂದಂತೆ ಬರೆಯಬಾರದೆಂಬುದು ಅದರ ಹಿಂದಿನ ನೀತಿ. ಇದೇ ಶಾಸ್ತ್ರದಲ್ಲಿ ಕಚ್ಚಾ ಸರಕು ಬೇರೆ, ಅರೆಸಿದ್ಧ ಸರಕು ಬೇರೆ, ಸಿದ್ಧ ಸರಕು ಬೇರೆ. ಕೆಲಸ ಆರಂಭವಾದ ಮೇಲಷ್ಟೇ ಸರಕು 'ಅರೆಸಿದ್ಧ'ವೆನಿಸುತ್ತದೆ. 'ಪ್ರಾಜೆಕ್ಟ್' ಎಂಬ ಮಾತು ಕೇಳುವವನ ಮನಸ್ಸಿನಲ್ಲಿ ಮೂಡಿಸುವ ಭಾವನೆ ಅರೆಸಿದ್ಧತೆಯದು: ಏನೋ ಯೋಜನೆಯಿದೆ, ಏನೋ ಆರಂಭವಾಗಿದೆ, ಕೈಹಾಕಿದರೆ ಮುಗಿಯುತ್ತದೆ. ಶೆಡ್ಡಿನಲ್ಲಿರುವುದಾದರೋ ಕಚ್ಚಾ ಸರಕು, ಅದೂ ದಿನದಿನಕ್ಕೆ ಕ್ಷಯಿಸುತ್ತಿರುವುದು.

ಲೆಕ್ಕದ ಅನುಕೂಲಕ್ಕಾಗಿ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಪೂರ್ಣವಾಗಿ ಸಿದ್ಧವಾದ ಕಾರಿನ ಬೆಲೆ 6,00,000 ರೂಪಾಯಿ ಎಂದಿರಲಿ. ತಗಡು, ಟಿಂಕರಿಂಗ್ ಮತ್ತು ಬಣ್ಣಕ್ಕೆ 2,00,000. ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 1,00,000. ವೈರಿಂಗ್, ಸೀಟು, ಗಾಜು, ರಬ್ಬರು, ಕ್ರೋಮ್ ಲೇಪಕ್ಕೆ 1,00,000. ಸಾಗಣೆ ಮತ್ತು ಕಾಗದಪತ್ರಕ್ಕೆ 25,000. ಒಟ್ಟು 4,25,000. ಉಳಿಯುವುದು 1,75,000. ಕೊಳ್ಳುವವನ ಶ್ರಮಕ್ಕೂ ಸಮಯಕ್ಕೂ ಬಿಡಿಭಾಗ ಸಿಗದೆ ಹೋಗುವ ಅಪಾಯಕ್ಕೂ ಒಂದು ಕಾಸನ್ನೂ ಬಿಡದಿದ್ದರೆ ಆ ಕಾರಿಗೆ ಕೊಡಬಹುದಾದ ಗರಿಷ್ಠ ಬೆಲೆ ಇಷ್ಟು. ಮಾರುವವನು 3,00,000 ಕೇಳಿ ಪಡೆದನೆಂದರೆ, ಕೊಂಡವನು 7,25,000 ವ್ಯಯಿಸಿ 6,00,000 ಬೆಲೆಯ ವಸ್ತುವಿನ ಒಡೆಯನಾಗುತ್ತಾನೆ. ನಷ್ಟ 1,25,000. ಮಾರಿದವನ ಕೈಗೆ ಹೆಚ್ಚಾಗಿ ಬಂದದ್ದೂ ಸರಿಯಾಗಿ ಅದೇ 1,25,000. ಒಬ್ಬನ ನಷ್ಟವೂ ಇನ್ನೊಬ್ಬನ ಲಾಭವೂ ಹೀಗೆ ಕೊನೆಯ ರೂಪಾಯಿಯವರೆಗೆ ಒಂದಕ್ಕೊಂದು ತಾಳೆಯಾಗುವಾಗ ಅದನ್ನು ಲಾಭವೆನ್ನಲು ನಾಲಗೆ ಏಳಬಾರದು.

ಇಲ್ಲಿ ಶಾಸ್ತ್ರದ ವಿವೇಕ ನೆರವಿಗೆ ಬರುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಅಚೌರ್ಯಾಣುವ್ರತದ ಐದರಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ: ಒಂದನ್ನು ತೋರಿಸಿ ಅದರ ಹೋಲಿಕೆಯ ಇನ್ನೊಂದನ್ನು ಕೊಡುವುದು, ನಕಲಿ ಚಿನ್ನವನ್ನು ಅಸಲಿಯ ಲೆಕ್ಕದಲ್ಲಿ ದಾಟಿಸುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸದೃಶಸನ್ಮಿಶ್ರವೆಂದು, ಅಂದರೆ ಹೋಲುವ ಕೀಳು ವಸ್ತುವನ್ನು ಬೆರೆಸುವುದೆಂದು, ಇದನ್ನೇ ಬೇರೊಂದು ಬಗೆಯಲ್ಲಿ ಎಣಿಸಿದ್ದಾರೆ. ಗಮನಿಸಬೇಕಾದ ಅಂಶವೊಂದಿದೆ. ಈ ದೋಷವು ಸತ್ಯಾಣುವ್ರತದ ಪಟ್ಟಿಯಲ್ಲಿಲ್ಲ, ಅಚೌರ್ಯದ ಪಟ್ಟಿಯಲ್ಲಿದೆ. ಸರಕಿನ ವಿಷಯದ ಮೋಸವನ್ನು ಆಚಾರ್ಯರು ನಾಲಗೆಯ ತಪ್ಪೆಂದು ಬಿಡದೆ ಕೈಯ ತಪ್ಪೆಂದೇ ಗಣಿಸಿದರು.

ಹಾಗೇಕೆ? ಕಳವಿನ ಲಕ್ಷಣ ಅದತ್ತಾದಾನ, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ಕೊಂಡವನು ತಾನಾಗಿ ಎಣಿಸಿ ಕೊಟ್ಟನಲ್ಲ, ಅದು ಅದತ್ತ ಹೇಗಾಯಿತು ಎಂದು ಕೇಳಬಹುದು. ಅವನು ಹಣ ಕೊಟ್ಟದ್ದು ತಳ ಗಟ್ಟಿಯಿರುವ, ಎಂಜಿನ್ ತಿರುಗುವ, ಕಾಗದ ಸರಿಯಿರುವ ಕಾರಿಗೆ. ಆ ಕಾರು ಎಲ್ಲಿಯೂ ಇರಲಿಲ್ಲ. ಇಲ್ಲದ ವಸ್ತುವಿಗೆ ಕೊಟ್ಟ ಹಣವನ್ನು ಇರುವ ವಸ್ತುವಿನ ಒಡೆಯ ಇಟ್ಟುಕೊಂಡ. ಲೆಕ್ಕದಲ್ಲಿ ಹೆಚ್ಚಾಗಿ ಬಂದ ಆ 1,25,000 ರೂಪಾಯಿಗೆ ಕೊಂಡವನ ಸಮ್ಮತಿ ಇರಲೇ ಇಲ್ಲ. ಅದು ಅದತ್ತವೇ.

'ಪ್ರಾಜೆಕ್ಟ್' ಎಂಬ ಮಾತನ್ನು ಸಮರ್ಥಿಸಲು ನಯವಾದವನ್ನೇ ಎಳೆತರುವ ಜಾಣರೂ ಇಲ್ಲದಿಲ್ಲ. ನೈಗಮನಯಕ್ಕೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ನಿದರ್ಶನ ಪ್ರಸಿದ್ಧ: ಸೌದೆ ನೀರುಗಳನ್ನು ಹೊಂದಿಸುತ್ತಿರುವವನನ್ನು ಏನು ಮಾಡುತ್ತಿರುವೆಯೆಂದು ಕೇಳಿದರೆ, ಅನ್ನ ಬೇಯಿಸುತ್ತಿರುವೆನೆಂದು ಹೇಳುತ್ತಾನೆ. ಅನ್ನ ಇನ್ನೂ ಆಗಿಲ್ಲ. ಸಂಕಲ್ಪ ಅನ್ನದ್ದಾದ್ದರಿಂದ ಮಾತು ಸಲ್ಲುತ್ತದೆ. ಹಾಗೆಯೇ, ಮುಂದೆ ಉದ್ಧಾರವಾಗಲಿರುವ ಕಾರನ್ನು ಈಗಲೇ ಆ ಹೆಸರಿನಿಂದ ಕರೆದರೆ ತಪ್ಪೇನು ಎಂಬುದು ಅವರ ವಾದ. ನಿದರ್ಶನವನ್ನು ಸರಿಯಾಗಿ ನೋಡಿದರೆ ಈ ವಾದ ನಿಲ್ಲದು. ಅಲ್ಲಿ ಸಂಕಲ್ಪವೂ ಶ್ರಮವೂ ಒಬ್ಬನವೇ. ಸೌದೆ ತಂದವನೇ ಅನ್ನ ಬೇಯಿಸುವವನು. ಇಲ್ಲಿ ಮಾರುವವನಿಗೆ ಉದ್ಧಾರದ ಸಂಕಲ್ಪವೇ ಇಲ್ಲ, ಇದ್ದಿದ್ದರೆ ಮಾರುತ್ತಿರಲಿಲ್ಲ. ಅವನು ಪರರ ಸಂಕಲ್ಪವನ್ನು ತನ್ನ ಸರಕಿಗೆ ಅಂಟಿಸುತ್ತಿದ್ದಾನೆ. ಅನ್ನ ಬೇಯಿಸುತ್ತಿರುವೆನೆಂದವನು ಸೌದೆಯನ್ನು ಊಟದ ಬೆಲೆಗೆ ಮಾರಲಿಲ್ಲ. ಮಾರಿದ್ದರೆ ಆಚಾರ್ಯರು ಅವನನ್ನು ನಯದ ಪ್ರಕರಣದಲ್ಲಿ ಹೆಸರಿಸದೆ ಅತಿಚಾರದ ಪ್ರಕರಣಕ್ಕೆ ಕಳುಹಿಸುತ್ತಿದ್ದರು.

ಶಾಸ್ತ್ರವನ್ನು ಬಿಟ್ಟು ಕಾನೂನಿನ ಆಶ್ರಯ ಪಡೆಯುವವರದು ಇನ್ನೊಂದು ವರ್ಗ. 'ಇದ್ದಲ್ಲಿ ಇದ್ದಂತೆ ಮಾರಾಟ' ಎಂದು ಬರೆದುಕೊಟ್ಟ ಮೇಲೆ ಮಾರುವವನ ಹೊಣೆ ಮುಗಿಯಿತು, ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬುದು ಅವರ ನಿಲುವು. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣದಲ್ಲಿ ಕುದುರೆಯ ಉದಾಹರಣೆಯೊಂದಿದೆ. ಕುದುರೆಗೆ ದೋಷವಿದೆಯೆಂದು ಬಲ್ಲವನು ಹರಾಜಿನಲ್ಲಿ ಅದನ್ನು ಮಾರುತ್ತಾನೆ, ದೋಷದ ವಿಷಯ ಬಾಯಿಬಿಡುವುದಿಲ್ಲ, ಇದು ವಂಚನೆಯಲ್ಲ. ಇಷ್ಟನ್ನು ಓದಿ ಪುಸ್ತಕ ಮುಚ್ಚುವವರು ಅದೇ ಪುಟದ ಮುಂದಿನ ಉದಾಹರಣೆಗಳನ್ನು ಓದಬೇಕು. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಮಗಳಾಗಿದ್ದರೆ ಹೇಳುವುದು ತಂದೆಯ ಕರ್ತವ್ಯ. ಕೊಳ್ಳುವವನು, 'ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುವೆ' ಎಂದಾಗ ಸುಮ್ಮನಿದ್ದರೆ ಆ ಮೌನವೇ ಮಾತು. ಗೊತ್ತಿದ್ದ ಸಂಗತಿಯನ್ನು ಸಕ್ರಿಯವಾಗಿ ಮರೆಮಾಚುವುದಂತೂ ಅದೇ ಪ್ರಕರಣದಲ್ಲಿ ವಂಚನೆ. ಕಾರನ್ನು ತೊಳೆದು ನಿಲ್ಲಿಸುವುದು ಶುಚಿತ್ವ. ತುಕ್ಕಿನ ರಂಧ್ರಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ಮರೆಮಾಚುವಿಕೆ.

ಇನ್ನೂ ಮುಖ್ಯವಾದ ಮಾತೆಂದರೆ, ಕಾನೂನು ವ್ರತದ ಅಳತೆಗೋಲಲ್ಲ. ಕಾನೂನು ಶಿಕ್ಷೆಗೆ ಗುರಿಯಾಗುವ ಕನಿಷ್ಠವನ್ನು ಗುರುತಿಸುತ್ತದೆ. ವ್ರತ ತೊಟ್ಟವನು ಸ್ವೇಚ್ಛೆಯಿಂದ ಅದಕ್ಕಿಂತ ಒಳಗೆ ತನ್ನ ಗೆರೆಯನ್ನು ಎಳೆದುಕೊಂಡವನು. ಮಗಳಿಗೆ ಹೇಳಬೇಕಾದ ದೋಷವನ್ನು ಅಪರಿಚಿತನಿಗೆ ಹೇಳಬೇಕಾಗಿಲ್ಲವೆಂದು ಕಾನೂನು ಭೇದ ಮಾಡಬಹುದು. ಸಕಲ ಜೀವಗಳನ್ನೂ ತನ್ನಂತೆ ಕಾಣಬೇಕೆಂಬ ಧರ್ಮದಲ್ಲಿ ಹುಟ್ಟಿದವನಿಗೆ ಆ ಭೇದ ಎಲ್ಲಿ ದೊರೆಯುತ್ತದೆ?

'ಅವನು ತನ್ನ ಕಣ್ಣಿನಿಂದಲೇ ನೋಡಿ ಕೊಂಡ' ಎಂಬುದು ಮತ್ತೊಂದು ಸಮಾಧಾನ. ಮುಚ್ಚಿದ ಟೊಳ್ಳು ಪಟ್ಟಿಯ ಒಳಗನ್ನು ಯಾವ ಕಣ್ಣು ನೋಡುತ್ತದೆ? ಶೆಡ್ಡಿನ ಕತ್ತಲೆಯಲ್ಲಿ, ಚಕ್ರಗಳ ಗಾಳಿಯಿಳಿದು ನೆಲಕ್ಕೆ ಕೂತ ಕಾರಿನ ಕೆಳಗೆ ಯಾರು ಮಲಗಿ ನೋಡುತ್ತಾರೆ? ಅಲ್ಲದೆ ಇಂಥ ಕಾರನ್ನು ಕೊಳ್ಳಲು ಬರುವವನ ಕಣ್ಣು ಸಾಮಾನ್ಯವಾಗಿ ತಗಡನ್ನು ನೋಡುತ್ತಿರುವುದಿಲ್ಲ. ಬಾಲ್ಯದಲ್ಲಿ ತಂದೆ ಓಡಿಸುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಕೂತ ನೆನಪು, ಅದೇ ಸ್ಟಿಯರಿಂಗ್ ಪಕ್ಕದ ಗೇರು, ಅದೇ ಬಣ್ಣ, ಹಳೆಯ ಮೈಸೂರಿನ ಎಂ.ವೈ. ಅಕ್ಷರಗಳ ಅದೇ ಫಲಕ, ಇವು ಅವನ ಕಣ್ಣಿಗೆ ಕಟ್ಟಿರುತ್ತವೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತು. ಆ ಮೋಹವನ್ನು ಕಂಡ ಕ್ಷಣದಲ್ಲೇ ಬೆಲೆ ಐವತ್ತು ಸಾವಿರ ಏರುತ್ತದೆ. ಕೊಳ್ಳುವವನದು ಮೂರ್ಛೆ, ಪರಿಗ್ರಹದ ಮೂಲ. ಅದು ಅವನ ದೋಷವೇ ಹೌದು. ಆದರೆ ಮೂರ್ಛೆ ಹೋದವನ ಜೇಬಿನಿಂದ ಹಣ ತೆಗೆದವನು, ಅವನು ಮೂರ್ಛೆ ಹೋಗಬಾರದಾಗಿತ್ತೆಂದು ವಾದಿಸಿದರೆ ಯಾವ ಪಂಚಾಯಿತಿ ಒಪ್ಪುತ್ತದೆ?

'ಎಂಜಿನ್ ಸರಿಯಿರಬಹುದು', 'ಕಾಗದ ಸಿಗಬಹುದು', 'ಬಿಡಿಭಾಗ ದೊರೆಯಬಹುದು' ಎಂಬ 'ಬಹುದು'ಗಳ ಸರಮಾಲೆ ಈ ವ್ಯಾಪಾರದ ಇನ್ನೊಂದು ಉಪಾಯ. ಇದನ್ನು ಸ್ಯಾದ್ವಾದವೆಂದು ಹಾಸ್ಯಕ್ಕೆ ಹೇಳುವುದುಂಟು. ಹಾಸ್ಯಕ್ಕೂ ಹೇಳಬಾರದು. 'ಸ್ಯಾತ್' ಎಂದರೆ 'ಇರಬಹುದು' ಎಂದಲ್ಲ. 'ಒಂದು ಅಪೇಕ್ಷೆಯಿಂದ' ಎಂದರ್ಥ. ಯಾವ ಅಪೇಕ್ಷೆಯಿಂದ ಸರಿ, ಯಾವ ಅಪೇಕ್ಷೆಯಿಂದ ಸರಿಯಲ್ಲ ಎಂಬುದನ್ನು ನಿಶ್ಚಿತವಾಗಿ ಹೇಳುವುದೇ ಸ್ಯಾದ್ವಾದದ ಶಿಸ್ತು. ಎಂಜಿನ್ ತಿರುಗಿಸಿ ನೋಡಿದ್ದರೆ ತಿರುಗಿತೋ ಇಲ್ಲವೋ ಹೇಳಬೇಕು, ನೋಡದಿದ್ದರೆ ನೋಡಿಲ್ಲವೆನ್ನಬೇಕು. ನೋಡಿ ಜಾಮ್ ಆಗಿರುವುದನ್ನು ಕಂಡೂ 'ಚಾಲೂ ಆಗಬಹುದು' ಎನ್ನುವವನು ಅನೇಕಾಂತದ ಹೆಸರಿಗೆ ಮಸಿ ಬಳಿಯುತ್ತಾನೆ.

ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು ಮುಂದೆ ಹೋದರೆ ಘಾಟಿ ಸುಬ್ರಹ್ಮಣ್ಯ. ಅಲ್ಲಿಯ ದನಗಳ ಜಾತ್ರೆಯಲ್ಲಿ ಲೆಕ್ಕಪತ್ರ ಮಾನಕವನ್ನೋದದ ರೈತರು ವ್ಯಾಪಾರ ಮಾಡುತ್ತಾರೆ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಕರುವೂ ಅಲ್ಲಿ ಮಾರಾಟವಾಗುತ್ತದೆ. ಎಲ್ಲ ಸರಿಹೋದರೆ ಆ ಕರು ಮುಂದೆ ಎತ್ತಾಗಿ ಉಳುತ್ತದೆಯೆಂದು ಎಲ್ಲರಿಗೂ ಗೊತ್ತು. ಆದರೂ ಕರುವನ್ನು ಕರುವಿನ ಬೆಲೆಗೇ ಕೊಡುತ್ತಾರೆ, ಕರುವಿನ ಬೆಲೆಗೇ ಕೊಳ್ಳುತ್ತಾರೆ. ಅದಕ್ಕೆ ಮೇವು ಹಾಕಿ, ಮೈ ತಿಕ್ಕಿ, ಉಳುಮೆ ಕಲಿಸುವವನು ಕೊಂಡವನು. ಎತ್ತಿನ ಬೆಲೆ ಅವನ ಪಾಲಿನದು. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲೂ ಆರಿಸದ ಈರುಳ್ಳಿಗೆ ಆರಿಸಿದ ಈರುಳ್ಳಿಯ ದರ ಸಿಗದು. ಮೇಲೆ ದಪ್ಪ ಗಡ್ಡೆ ಹಾಕಿ ಕೆಳಗೆ ಗೋಲಿ ತುಂಬಿದ ಚೀಲದ ಒಡೆಯನಿಗೆ ಮರುವಾರ ಹರಾಜಿನಲ್ಲಿ ಯಾವ ಮರ್ಯಾದೆ ದೊರೆಯುತ್ತದೆಂಬುದನ್ನು ವರ್ತಕರಿಗೆ ಹೇಳಬೇಕಾಗಿಲ್ಲ. ಈರುಳ್ಳಿಯಲ್ಲಿ ನಾಚಿಕೆಯ ಸಂಗತಿಯಾದದ್ದು ಕಾರಿನಲ್ಲಿ ಹೆಗ್ಗಳಿಕೆಯಾಗುವುದು ಹೇಗೆ?

ಹಾಗೆಂದು ಹಳೆಯ ಕಾರನ್ನು ಮಾರುವುದೇ ದೋಷವೆಂದಲ್ಲ. ಗುಜರಿಗೆ ಹೋಗಿ ತುಂಡಾಗುವ ವಸ್ತುವೊಂದು, ಅದನ್ನು ಪ್ರೀತಿಸಿ ಸಲಹುವ ಕೈ ಸೇರಿದರೆ ಅದು ಒಳಿತೇ. ಉತ್ತರಪಾರದಲ್ಲಿ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಇರುವ ಕಾರುಗಳನ್ನು ಉಳಿಸುವವರು ಒಂದು ಕಾಲದ ಕೈಕೆಲಸವನ್ನು ಉಳಿಸುತ್ತಾರೆ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ವಾಹನಗಳನ್ನು ಯಾತ್ರಿಕರು ಮಕ್ಕಳಿಗೆ ತೋರಿಸುತ್ತಾರೆ. ಉದ್ಧಾರ ಮಾಡದಿರುವುದೂ ಕುಂದಲ್ಲ. ಪ್ರಾಚೀನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಸಂರಕ್ಷಣೆ ಬೇರೆ, ದುರಸ್ತಿ ಬೇರೆ, ಪುನರುದ್ಧಾರ ಬೇರೆ ಎಂದು ವಿಂಗಡಿಸುತ್ತದೆ. ಮೂಲ ಬಣ್ಣ, ಮೂಲ ಸೀಟು, ಸವೆದ ಪೆಡಲುಗಳೊಡನೆ ಉಳಿದುಬಂದ ಕಾರನ್ನು ಬಲ್ಲವರು ಹೊಸದಾಗಿ ಹೊಳೆಯಿಸಿದ ಕಾರಿಗಿಂತ ಮೇಲೆಣಿಸುವುದುಂಟು. ಆದ್ದರಿಂದ ಇದ್ದುದನ್ನು ಇದ್ದಂತೆ ಹೇಳಿದರೆ ಕಾರಿಗೆ ಅವಮಾನವಾಗದು. ಸುಳ್ಳು ಹೆಸರಿನ ಅಗತ್ಯ ಕಾರಿಗಿಲ್ಲ, ಲೋಭಕ್ಕಿದೆ.

ಧರ್ಮಸಮ್ಮತವಾದ ಮಾರಾಟ ಕಷ್ಟದ್ದೇನೂ ಅಲ್ಲ; ಒಂದು ಹಾಳೆ ಕಾಗದ ಸಾಕು. ಮೊದಲು, ಏನಿದೆ: ಮಾದರಿ, ವರ್ಷ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆ, ಅವು ಆರ್.ಸಿ. ಪುಸ್ತಕಕ್ಕೆ ತಾಳೆಯಾಗುತ್ತವೆಯೋ ಇಲ್ಲವೋ. ಎರಡನೆಯದು, ಏನಿಲ್ಲ: ಕಳೆದುಹೋದ ಬಿಡಿಭಾಗಗಳು, ಮುಗಿದುಹೋದ ನೋಂದಣಿ, ಬಾಕಿ ತೆರಿಗೆ. ಮೂರನೆಯದು, ಗೊತ್ತಿರುವ ದೋಷ: ಎಲ್ಲಿ ತುಕ್ಕು, ಎಲ್ಲಿ ಪುಟ್ಟಿ, ಯಾವ ವರ್ಷ ಅಪಘಾತ. ನಾಲ್ಕನೆಯದು, ಗೊತ್ತಿಲ್ಲದ್ದು: ತಿರುಗಿಸಿ ನೋಡದ ಎಂಜಿನ್, ಬಿಚ್ಚಿ ನೋಡದ ಗೇರ್‌ಬಾಕ್ಸ್. ಇದರ ಕೆಳಗೆ ಮಾರುವವನ ಸಹಿ. ಕೊಳ್ಳುವವನು ತನ್ನ ಮೆಕ್ಯಾನಿಕ್ಕನ್ನು ಕರೆತಂದು ಹಗಲು ಬೆಳಕಿನಲ್ಲಿ ನೋಡಲು ಒಂದು ದಿನದ ಅವಕಾಶ. ತರುವಾಯ ಸಿಕ್ಕಿದ ಬೆಲೆ ಎಷ್ಟೇ ಇರಲಿ, ಅದು ದತ್ತ, ಅದರಲ್ಲಿ ಕಳಂಕವಿಲ್ಲ. ಕೊಳ್ಳುವವನು ಎಲ್ಲವನ್ನೂ ತಿಳಿದು, ತಂದೆಯ ನೆನಪಿಗಾಗಿ ಲಕ್ಷ ರೂಪಾಯಿ ಹೆಚ್ಚು ಕೊಟ್ಟರೂ ಅದು ಅವನ ಸಂತೋಷದ ವ್ಯಯ. ಪಾಪವಿರುವುದು ಬೆಲೆಯ ಎತ್ತರದಲ್ಲಲ್ಲ, ಮುಚ್ಚಿಟ್ಟ ಸಂಗತಿಯಲ್ಲಿ.

'ಇದೆಲ್ಲ ದಲ್ಲಾಳಿಯ ಮಾತು, ಮನೆಯವರಿಗೆ ಸಂಬಂಧವಿಲ್ಲ' ಎಂದು ನುಣುಚಿಕೊಳ್ಳುವುದೂ ಸಾಧ್ಯವಿಲ್ಲ. ಕೃತ, ಕಾರಿತ, ಅನುಮೋದನ ಎಂದು ಕರ್ಮಕ್ಕೆ ಮೂರು ಬಾಗಿಲು. ಪುಟ್ಟಿ ಮೆತ್ತಿದ ದಲ್ಲಾಳಿಯದು ಕೃತ. ಹೇಗಾದರೂ ಮಾರಿಕೊಡು, ಹೇಗೆಂದು ಕೇಳುವುದಿಲ್ಲ ಎಂದ ಮಾಲೀಕನದು ಕಾರಿತ. ಮದುವೆಯ ಪಂಕ್ತಿಯಲ್ಲಿ ಕೂತು, ಕೊಳೆತ ಫಿಯಟ್ಟಿಗೆ ಮೂರು ಲಕ್ಷ ಹೊಡೆದನಂತೆ, ಎಂಥ ಬುದ್ಧಿವಂತ ಎಂದು ನಗುತ್ತ ಹೊಗಳಿದವರದು ಅನುಮೋದನ. ಈ ಮೂರನೆಯ ಬಾಗಿಲು ಅತ್ಯಂತ ಅಗಲವಾದದ್ದು. ಸಮಾಜವೇ ಅದರಲ್ಲಿ ತೂರಿಹೋಗುತ್ತದೆ.

ಆ ಹಣದಲ್ಲಿ ಒಂದು ಅಂಶವನ್ನು ಪಂಚಕಲ್ಯಾಣಕ್ಕೋ ಬಸದಿಯ ಜೀರ್ಣೋದ್ಧಾರಕ್ಕೋ ಕೊಟ್ಟರೆ ದೋಷ ಕಳೆಯುವುದೆಂಬ ಭ್ರಮೆಯೂ ಬೇಡ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿಯೂ ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿಯೂ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊಟ್ಟಮೊದಲಿಗೆ ಹೇಳಿದ್ದು ನ್ಯಾಯದಿಂದ ಗಳಿಸಿದ ಧನವನ್ನು. ಶ್ವೇತಾಂಬರ ಆಚಾರ್ಯರೂ ದಿಗಂಬರ ಪಂಡಿತರೂ ಒಂದೇ ಗುಣವನ್ನು ಪಟ್ಟಿಯ ತಲೆಯಲ್ಲಿಟ್ಟಿದ್ದಾರೆಂದರೆ ಅದು ಆಕಸ್ಮಿಕವಲ್ಲ. ಪೂಜೆ, ದಾನ, ಸ್ವಾಧ್ಯಾಯಗಳೆಲ್ಲ ಅದರ ಮೇಲೆ ನಿಲ್ಲಬೇಕಾದ ಕಟ್ಟಡ. ಗಳಿಕೆಯ ನ್ಯಾಯ ಅದರ ಅಡಿಪಾಯ. ತಳಕ್ಕೆ ತುಕ್ಕು ಹಿಡಿದ ಮೇಲೆ ಮೇಲಿನ ಬಣ್ಣ ಎಷ್ಟು ದಿನ ನಿಲ್ಲುತ್ತದೆಂಬುದನ್ನು ಹಳೆಯ ಕಾರು ಮಾರಿದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆರ್.ಟಿ. ನಗರದ ಯಾವುದೋ ಶೆಡ್ಡಿನಲ್ಲಿ ಇಂದೂ ಒಂದು ಕಾರು ಕೊಳ್ಳುವವನಿಗಾಗಿ ಕಾಯುತ್ತಿರಬಹುದು. ಅದರ ಒಡೆಯನ ಮುಂದೆ ಎರಡು ದಾರಿಗಳಿವೆ. ಸ್ವತಃ ಹಣ ಹಾಕಿ, ಶ್ರಮಪಟ್ಟು ಅದನ್ನು ಉದ್ಧರಿಸಿ, ಉದ್ಧಾರದ ಬೆಲೆಯನ್ನು ಧೈರ್ಯವಾಗಿ ಕೇಳುವುದು ಒಂದು. ಜೀರ್ಣವನ್ನು ಜೀರ್ಣವೆಂದೇ ಹೇಳಿ, ಜೀರ್ಣದ ಬೆಲೆಯನ್ನು ಪಡೆದು, ಉದ್ಧಾರದ ಲಾಭವನ್ನೂ ಕೀರ್ತಿಯನ್ನೂ ಅದನ್ನು ಮಾಡುವವನಿಗೆ ಬಿಟ್ಟುಕೊಡುವುದು ಇನ್ನೊಂದು. ವ್ರತವುಳ್ಳವನಿಗೆ ಮೂರನೆಯ ದಾರಿಯಿಲ್ಲ.